ಬೆಣೆ ಬಡಿದ ಬಟನ್, ಎರಡು ಬೆರಳು: ನಮ್ಮ ಕಂಪನಿಯ ಆಡಳಿತ ಮಂಡಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಡಳಿತ ನಿರ್ದೇಶಕರು ಹಾಗೂ ಆಡಳಿತ ಮಂಡಳಿಯ ಸದಸ್ಯರು

ವಿಷಯ: ಲೋಹದ ತಗಡು ಒತ್ತುವ ಪ್ರೆಸ್ ಶಾಪ್‌ನಲ್ಲಿ ಸುರಕ್ಷತಾ ಸಾಧನಗಳನ್ನು ಕೆಲಸ ಮಾಡದಂತೆ ಮಾಡಿ ದುಡಿಸುತ್ತಿರುವ ಬಗ್ಗೆ ಮತ್ತು ಕಾರ್ಮಿಕರ ಆರೋಗ್ಯದ ಬಗ್ಗೆ

ಮಾನ್ಯರೇ,

ಮೈಸೂರಿನ ಕೈಗಾರಿಕಾ ಪ್ರದೇಶದಲ್ಲಿರುವ ತಮ್ಮ ಕಾರ್ಖಾನೆಯ ಟೂಲ್ ರೂಮ್‌ನಲ್ಲಿ ನಾನು 26 ವರ್ಷಗಳಿಂದ ಡೈ, ಅಂದರೆ ಪ್ರೆಸ್ಸಿನ ಅಚ್ಚು, ಸೆಟ್ ಮಾಡುವ ಕೆಲಸದಲ್ಲಿದ್ದೇನೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ. ಇದೇ ಕಂಪನಿಯ ಸಂಬಳದಲ್ಲಿ ಮಗಳ ಮದುವೆ ಮಾಡಿದ್ದೇನೆ, ಮಗನಿಗೆ ಡಿಪ್ಲೊಮಾ ಓದಿಸಿದ್ದೇನೆ. ಆದ್ದರಿಂದ ಕಂಪನಿಯ ಹೆಸರು ಕೆಡಿಸಲೆಂದು ಈ ಪತ್ರ ಬರೆಯುತ್ತಿದ್ದೇನೆಂದು ತಾವು ದಯವಿಟ್ಟು ತಿಳಿಯಬಾರದು. ಹೆಸರನ್ನು ನಾನಿಲ್ಲಿ ಎತ್ತಿಯೂ ಇಲ್ಲ. ಇದೇ ವಿಷಯವಾಗಿ ನಾವು ಕೆಲವರು ಸೇರಿ ಮೂರು ಸಲ ಲಿಖಿತ ಮನವಿ ಕೊಟ್ಟೆವು. ಮೊದಲನೆಯದಕ್ಕೆ ಸ್ವೀಕೃತಿಯ ಮುದ್ರೆ ಬಿತ್ತು, ಉಳಿದೆರಡಕ್ಕೆ ಅದೂ ಬೀಳಲಿಲ್ಲ. ಮೇಜಿನಿಂದ ಮೇಜಿಗೆ ಹೋಗುವ ಕಾಗದ ತಮ್ಮವರೆಗೆ ತಲುಪುತ್ತಿದೆಯೋ ಇಲ್ಲವೋ ಎಂಬ ಅನುಮಾನದಿಂದಲೇ ಈಗ ಎಲ್ಲರೂ ಓದುವಂತೆ ಬರೆಯಬೇಕಾಗಿ ಬಂದಿದೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿಯ ಶೆಡ್‌ಗಳಲ್ಲಿ ಪವರ್ ಪ್ರೆಸ್ ಮುಂದೆ ಕೂರುವ ಎಷ್ಟೋ ಜನರಿಗೆ ಇದು ತಮ್ಮದೇ ಮಾತು ಅನ್ನಿಸಬಹುದು ಎಂಬುದೂ ಒಂದು ಕಾರಣ.

ಕಳೆದ ಜನವರಿಯ ಒಂದು ರಾತ್ರಿ ನಡೆದದ್ದು ತಮಗೆ ವರದಿಯ ರೂಪದಲ್ಲಿ ಬಂದಿರುತ್ತದೆ. ನಾನು ಕಣ್ಣಾರೆ ಕಂಡಷ್ಟನ್ನು ಮಾತ್ರ ಹೇಳುತ್ತೇನೆ. ಪಾಂಡವಪುರದ ಕಡೆಯಿಂದ ಬರುವ 23 ವರ್ಷದ ಹುಡುಗ, ಐಟಿಐ ಮುಗಿಸಿದವನು, ಗುತ್ತಿಗೆದಾರರ ಮೂಲಕ ಸೇರಿ ಏಳು ತಿಂಗಳಾಗಿತ್ತು. ಮಧ್ಯಾಹ್ನ ಎರಡಕ್ಕೆ ಬಿ ಶಿಫ್ಟ್‌ಗೆ ಬಂದವನನ್ನು, ರಾತ್ರಿಯ ಸಿ ಶಿಫ್ಟ್‌ನ ಆಪರೇಟರ್ ಬರಲಿಲ್ಲವೆಂದು, ಅದೇ 7ನೇ ನಂಬರ್ ಪ್ರೆಸ್ ಮುಂದೆ ಮುಂದುವರಿಸಿದ್ದರು. ನಸುಕಿನ ಮೂರು ಗಂಟೆಯ ಹೊತ್ತಿಗೆ ಅವನು ಕೆಲಸ ಹಿಡಿದು 13 ಗಂಟೆ ಆಗಿತ್ತು. ಪ್ರೆಸ್ ಶಾಪ್‌ನ ಸದ್ದಿಗೆ ಒಂದು ತಾಳವಿದೆ; ಅದರೊಳಗೇ ಇರುವ ನಮಗೆ ಆ ತಾಳ ತಪ್ಪಿದಾಗಷ್ಟೇ ಅದು ಕೇಳಿಸುವುದು. ಟೂಲ್ ರೂಮ್‌ನಲ್ಲಿ ಪಂಚ್ ಒಂದನ್ನು ಉಜ್ಜುತ್ತಿದ್ದ ನನಗೆ 7ನೇ ಪ್ರೆಸ್ ನಿಂತದ್ದು ಕೇಳಿಸಿತು, ಹುಡುಗನ ಕೂಗು ಕೇಳಿಸಲಿಲ್ಲ. ಓಡಿಹೋದಾಗ ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ. "ಅಣ್ಣಾ, ಗ್ಲೌಸ್ ತೆಗೀಬೇಡಿ ಅಣ್ಣಾ, ತೆಗೀಬೇಡಿ" ಎಂದಷ್ಟೇ ಹೇಳುತ್ತಿದ್ದ. ತೋರುಬೆರಳು ಮತ್ತು ಮಧ್ಯದ ಬೆರಳು ಬುಡದವರೆಗೆ ಹೋಗಿದ್ದವು.

ಕಂಪನಿಯ ವಾಹನ ಗೇಟಿನ ಪಕ್ಕದಲ್ಲೇ ಇತ್ತು, ಕೀಲಿ ಮನೆಗೆ ಹೋಗಿದ್ದ ಚಾಲಕನ ಜೇಬಿನಲ್ಲಿತ್ತು. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಅವನನ್ನು ಆಸ್ಪತ್ರೆಗೆ ಒಯ್ದೆವು. ಡೈ ಮೇಲೆ ಉಳಿದಿದ್ದ ಬೆರಳುಗಳನ್ನು ಯಾರೋ ಮೆಷಿನ್ ಒರೆಸುವ ಎಣ್ಣೆಯ ಕಾಟನ್ ವೇಸ್ಟ್‌ನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಜಜ್ಜಿಹೋಗಿದ್ದರಿಂದ ಅವನ್ನು ಜೋಡಿಸುವ ಪ್ರಶ್ನೆಯೇ ಇಲ್ಲವೆಂದು ವೈದ್ಯರು ಹೇಳಿದರು. ಆದರೆ ನೀಟಾಗಿ ಕತ್ತರಿಸಿದ ಬೆರಳಾಗಿದ್ದರೂ ನಾವು ಒಯ್ದ ರೀತಿಯಲ್ಲಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ ಎಂದೂ ಹೇಳಿದರು. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲೆ ಇಡಬೇಕು, ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಇಷ್ಟು ಸಣ್ಣ ವಿಷಯ, ಪ್ರೆಸ್ ಶಾಪ್‌ನಲ್ಲಿ 26 ವರ್ಷ ಕಳೆದ ನನಗೆ ಅಂದು ಗೊತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದ ಅವನ ತಾಯಿ ವಾರ್ಡಿನ ಬಾಗಿಲಲ್ಲಿ ನನ್ನನ್ನು ಕೇಳಿದ ಮೊದಲ ಮಾತು, "ಉಣ್ಣೋ ಕೈಯಾ ಅಣ್ಣಯ್ಯ?"

ಆಸ್ಪತ್ರೆಯಿಂದ ಹಿಂತಿರುಗಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. 7ನೇ ಪ್ರೆಸ್ ಮುಂದೆ ಹೋಗಿ ನಿಂತೆ. ಆ ಪ್ರೆಸ್‌ಗೆ ಎಡಕ್ಕೊಂದು ಬಲಕ್ಕೊಂದು ಹಸಿರು ಬಟನ್ ಇವೆ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಡೈ ಮೇಲೆ ಬಂದು ಹೊಡೆಯುವ ಭಾಗವಾದ ರ‍್ಯಾಮ್ ಕೆಳಗಿಳಿಯಬೇಕು. ಆಗ ಎರಡೂ ಕೈ ಡೈ ಹೊರಗಿರುತ್ತವೆ. ಎಡಗಡೆಯ ಬಟನ್‌ಗೂ ಅದರ ಕಬ್ಬಿಣದ ಅಂಚಿಗೂ ನಡುವೆ ಒಂದು ಮರದ ಬೆಣೆ ಬಡಿದು ಕೂರಿಸಿತ್ತು. ಹೆಬ್ಬೆರಳಷ್ಟು ಉದ್ದ, ಯಾವುದೋ ಪ್ಯಾಕಿಂಗ್ ಪೆಟ್ಟಿಗೆಯ ಚೂರು. ಬಟನ್ ಸದಾ ಒತ್ತಿಕೊಂಡೇ ಇರುತ್ತದೆ, ಒಂದು ಕೈಯಲ್ಲಿ ಪ್ರೆಸ್ ಓಡಿಸುತ್ತ ಇನ್ನೊಂದು ಕೈಯಲ್ಲಿ ಪೀಸ್ ಇಡಬಹುದು, ತೆಗೆಯಬಹುದು. ಎಷ್ಟೋ ಕೈ ತಾಗಿ, ಎಣ್ಣೆ ಕುಡಿದು, ಆ ಬೆಣೆ ಕಪ್ಪಾಗಿತ್ತು. ಆ ರಾತ್ರಿ ಆ ಹುಡುಗನೇ ಇಟ್ಟದ್ದಾಗಿದ್ದರೆ ಅದಕ್ಕೆ ಇನ್ನೂ ಮರದ ಬಣ್ಣ ಇರುತ್ತಿತ್ತು. ಬೆಳಿಗ್ಗೆ ಆರಕ್ಕೆ ಶಿಫ್ಟ್ ಬದಲಾಗುವಷ್ಟರಲ್ಲಿ ಬೆಣೆ ಅಲ್ಲಿರಲಿಲ್ಲ. ವಾರದ ನಂತರ ಬಂದ ತನಿಖಾ ವರದಿಯಲ್ಲಿ "ಎರಡೂ ಬಟನ್ ಸುಸ್ಥಿತಿಯಲ್ಲಿವೆ" ಎಂದಿತ್ತು. ಅಪಘಾತದ ಕಾರಣದ ಮುಂದೆ "ಕಾರ್ಮಿಕನ ಅಜಾಗರೂಕತೆ" ಎಂದಿತ್ತು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳಬೇಕು. ಆ ಬೆಣೆಯನ್ನು ನಾನು ಅಪಘಾತಕ್ಕೆ ಎರಡು ವಾರ ಮೊದಲು, ಡೈ ಬದಲಿಸುವಾಗ ನೋಡಿದ್ದೆ. ಡೈ ಸೆಟ್ ಮಾಡುವಷ್ಟು ಹೊತ್ತು ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಯಾರಿಗೂ ಏನೂ ಹೇಳದೆ ಹೊರಟುಬಂದಿದ್ದೆ. ಇದನ್ನು ಆ ಹುಡುಗನಿಗೂ ಹೇಳಿದ್ದೇನೆ.

ಆದರೆ ಬೆಣೆ ಇಟ್ಟವರು ಯಾರೆಂದು ಹುಡುಕಿ ಅವರನ್ನು ಶಿಕ್ಷಿಸಿದರೆ ವಿಷಯ ಮುಗಿಯಿತೆಂದು ತಾವು ಭಾವಿಸಬಾರದೆಂಬುದೇ ನನ್ನ ಮುಖ್ಯ ಬಿನ್ನಹ. ಪ್ರತಿ ಶಿಫ್ಟ್‌ನಲ್ಲಿ ಸೂಪರ್‌ವೈಸರ್ ಆ ಪ್ರೆಸ್ ಮುಂದೆ ಹತ್ತಾರು ಸಲ ಓಡಾಡುತ್ತಾರೆ. ಬೆಣೆ ಅವರ ಕಣ್ಣಿಗೆ ಬಿದ್ದಿಲ್ಲವೆಂದರೆ ನಾನು ನಂಬುವುದಿಲ್ಲ. ಬಿದ್ದರೂ ತೆಗೆಸಲಿಲ್ಲವೆಂದರೆ ಅವರೂ ಒಂದು ಲೆಕ್ಕಕ್ಕೆ ಕಟ್ಟುಬಿದ್ದವರು. ಆ ಲೆಕ್ಕ ಪ್ರೆಸ್ ಪಕ್ಕದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವ ಗಂಟೆಗಿಷ್ಟು ಎಂಬ ಟಾರ್ಗೆಟ್. ಫೆಬ್ರವರಿಯಲ್ಲಿ ಒಂದು ದಿನ ಊಟದ ಬಿಡುವಿನ ನಂತರ ಇನ್‌ಚಾರ್ಜ್ ಅವರ ಅನುಮತಿ ಕೇಳಿ, ನಾನೇ 7ನೇ ಪ್ರೆಸ್ ಮುಂದೆ ಒಂದು ಗಂಟೆ ಕೂತು, ಎರಡೂ ಬಟನ್ ಒತ್ತಿ, ಪೀಸ್ ಇಡಲು ಚಿಮಟ ಬಳಸಿ ಕೆಲಸ ಮಾಡಿದೆ. ಬೋರ್ಡಿನ ಮೇಲಿದ್ದ ಸಂಖ್ಯೆಯ ಮುಕ್ಕಾಲು ಭಾಗವೂ ನನ್ನಿಂದ ಆಗಲಿಲ್ಲ. ನನ್ನ ವಯಸ್ಸು ಕಾರಣವಿರಬಹುದೆಂದು, ಮರುದಿನ ನಮ್ಮಲ್ಲಿ ಅತ್ಯಂತ ಚುರುಕಾದ ಆಪರೇಟರ್‌ನನ್ನು ಕೂರಿಸಿ ನೋಡಿದೆವು, ಅವನಿಂದಲೂ ಆಗಲಿಲ್ಲ. ಅಂದರೆ ಆ ಟಾರ್ಗೆಟ್ ನಿಗದಿಯಾದದ್ದೇ ಬೆಣೆ ಇಟ್ಟ ಮೆಷಿನ್ ಮೇಲೆ. ಟಾರ್ಗೆಟ್ ಮುಟ್ಟದ ಗುತ್ತಿಗೆ ಹುಡುಗನಿಗೆ ಮರುದಿನ ಗೇಟಿನಲ್ಲಿ ಪಾಸ್ ಸಿಗದು ಎಂಬುದು ಎಲ್ಲರಿಗೂ ಗೊತ್ತು. ಹೀಗಿರುವಾಗ ಅಜಾಗರೂಕತೆ ಎಂಬ ಪದವನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪ್ರೆಸ್‌ಗಳ ಬಗ್ಗೆ ಒಂದು ತಾಂತ್ರಿಕ ವಿಷಯವನ್ನು ತಮ್ಮ ಗಮನಕ್ಕೆ ತರಬೇಕು, ಏಕೆಂದರೆ ಅಪಘಾತವಾದ ಮೇಲೆ ಎಲ್ಲ ಪ್ರೆಸ್‌ಗಳಿಗೂ ಸೆನ್ಸರ್ ಹಾಕಿಸುವ ಮಾತು ಕೇಳಿಬಂದಿದೆ. ನಮ್ಮಲ್ಲಿ ಗ್ರಾಹಕ ಕಂಪನಿಗಳ ಆಡಿಟ್‌ನವರು ಓಡಾಡುವ ದಾರಿಯ ಬದಿಗಿರುವ ನಾಲ್ಕು ಹೊಸ ಪ್ರೆಸ್‌ಗಳಿಗೆ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಕ್ಲಚ್ (ಮೋಟಾರಿನ ಓಟವನ್ನು ಹೊಡೆತಕ್ಕೆ ಸೇರಿಸುವ, ಬಿಡಿಸುವ ಭಾಗ) ಇದೆ. ಅವುಗಳ ಮುಂದಿನ ಸೆನ್ಸರ್ ಆದ ಬೆಳಕಿನ ಪರದೆಯನ್ನು ಕೈ ದಾಟಿದರೆ ರ‍್ಯಾಮ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. 7ನೆಯದೂ ಸೇರಿದಂತೆ ಹಳೆಯ ಪ್ರೆಸ್‌ಗಳು ಹಾಗಲ್ಲ, ಅವು ಕೀ ಕ್ಲಚ್‌ನವು. ತಿರುಗುತ್ತಿರುವ ಭಾರದ ಚಕ್ರವಾದ ಫ್ಲೈವೀಲ್‌ಗೆ ಕೀ ಒಮ್ಮೆ ಕಚ್ಚಿಕೊಂಡಿತೆಂದರೆ, ರ‍್ಯಾಮ್ ಪೂರ್ತಿ ಕೆಳಗಿಳಿದು ಪೂರ್ತಿ ಮೇಲೇರುವವರೆಗೆ ಯಾವ ಸೆನ್ಸರ್‌ಗೂ, ಕೆಂಪು ಬಟನ್‌ಗೂ ಅದನ್ನು ತಡೆಯುವ ಶಕ್ತಿಯಿಲ್ಲ. ಸ್ಪ್ರಿಂಗ್ ಅಥವಾ ಕೀ ಸವೆದಿದ್ದರೆ ಯಾರೂ ಒತ್ತದೆಯೇ ಎರಡನೇ ಹೊಡೆತವೂ ಬೀಳುತ್ತದೆ; ಅದನ್ನು ನಾನೇ ಎರಡು ಸಲ ನೋಡಿದ್ದೇನೆ. ಮೋಟಾರ್ ಆಫ್ ಮಾಡಿದ ಮೇಲೂ ಫ್ಲೈವೀಲ್ ಬಹಳ ಹೊತ್ತು ತಿರುಗುತ್ತಿರುತ್ತದೆ. ಇಂಥ ಪ್ರೆಸ್‌ಗೆ ಸೆನ್ಸರ್ ಹಾಕುವುದು ಕಣ್ಣಿಗೆ ಸಮಾಧಾನ ಅಷ್ಟೆ. ಇದಕ್ಕೆ ಬೇಕಿರುವುದು ಡೈ ಸುತ್ತ ಭದ್ರವಾಗಿ ಕೂರುವ, ಪೀಸ್ ಹೋಗುವಷ್ಟೇ ಸಂದು ಇರುವ, ಬೆರಳು ತೂರದಂಥ ಗಾರ್ಡ್.

ಆ ಗಾರ್ಡ್ ನಮ್ಮಲ್ಲಿ ಇಲ್ಲದೇ ಇಲ್ಲ. 7ನೇ ಪ್ರೆಸ್‌ನ ಗಾರ್ಡ್ ಅನ್ನು ಹಲವು ವರ್ಷಗಳ ಹಿಂದೆ ನಾನೇ ಜಾಲರಿ ಕತ್ತರಿಸಿ ಕಟ್ಟಿದ್ದೆ. ಪೀಸ್ ಸಿಕ್ಕಿಕೊಂಡಾಗ ಬಿಚ್ಚಲು ತಡವಾಗುತ್ತದೆಂದು ಅದನ್ನು ತೆಗೆದು ಸ್ಕ್ರ್ಯಾಪ್ ರ‍್ಯಾಕ್ ಹಿಂದೆ ಒರಗಿಸಿಟ್ಟರು. ಕಳೆದ ದಸರೆಯ ಆಯುಧಪೂಜೆಗೆ ಶಾಪ್ ತೊಳೆದು, ಬಾಳೆಕಂದು ಕಟ್ಟಿ, ಪ್ರೆಸ್‌ಗಳಿಗೆಲ್ಲ ವಿಭೂತಿ ಕುಂಕುಮ ಇಟ್ಟು, ಬೂದುಗುಂಬಳ ಒಡೆದೆವು. ತಾವೂ ಕುಟುಂಬ ಸಮೇತ ಬಂದಿದ್ದಿರಿ. ಆ ದಿನ ಹುಡುಗರು ಗಾರ್ಡ್ ಅನ್ನೂ ಹೊರಗೆ ತೆಗೆದು, ತೊಳೆದು, ಸೇವಂತಿಗೆ ಹೂ ಸಿಕ್ಕಿಸಿದರು. ಮರುದಿನ ಅದು ಮತ್ತೆ ರ‍್ಯಾಕ್ ಹಿಂದಕ್ಕೆ ಹೋಯಿತು. ಅಂದೇ ಅದನ್ನು ಪ್ರೆಸ್‌ಗೆ ಬೋಲ್ಟ್ ಮಾಡಿದ್ದರೆ ಆ ಹುಡುಗನ ಬೆರಳು ಉಳಿಯುತ್ತಿದ್ದವು ಎಂಬುದು ನನ್ನ ತಲೆಯಿಂದ ಹೋಗುತ್ತಿಲ್ಲ.

ಬೆರಳು ಹೋದರೆ ಎಲ್ಲರಿಗೂ ಕಾಣುತ್ತದೆ. ಕಿವಿ ಹೋದರೆ ಕಾಣುವುದಿಲ್ಲ. ಕಾರ್ಖಾನೆ ನಿಯಮಗಳ ಪ್ರಕಾರ 90 ಡೆಸಿಬಲ್ ಸದ್ದಿನಲ್ಲಿ 8 ಗಂಟೆಗಿಂತ ಹೆಚ್ಚು ಹೊತ್ತು ಕಿವಿಗೆ ರಕ್ಷಣೆಯಿಲ್ಲದೆ ದುಡಿಸಬಾರದು. ಸದ್ದಿನಿಂದಾಗುವ ಕಿವುಡುತನ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಇಲಾಖೆಗೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ನಮ್ಮ ಶಾಪ್‌ನಲ್ಲಿ ಸದ್ದನ್ನು ಅಳೆದದ್ದನ್ನು ನಾನು ಕಂಡಿಲ್ಲ, ನನ್ನ ಕಿವಿಯನ್ನು ಕಂಪನಿ ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ. ಕಳೆದ ವರ್ಷ ನಾನೇ ದುಡ್ಡು ಕೊಟ್ಟು ಮಾಡಿಸಿದೆ. ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಮೊದಲು ಹೋಗುವುದು ಹೆಚ್ಚು ಕಂಪನದ ಸ್ವರಗಳು, ಅದಕ್ಕೇ ಸ, ಶ, ಚ ಅಕ್ಷರಗಳು ತಪ್ಪಿಹೋಗುತ್ತಿವೆ ಎಂದು ಅಲ್ಲಿ ವಿವರಿಸಿದರು. ಮೂರು ವರ್ಷದ ನನ್ನ ಮೊಮ್ಮಗಳು ಮಾತನಾಡಿದರೆ ಅವಳ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಪೇಂಟ್ ಶಾಪ್‌ನಲ್ಲಿ ಥಿನ್ನರ್ ವಾಸನೆಗೆ ತಲೆನೋವಿನ ಮಾತ್ರೆ ನುಂಗಿಯೇ ಶಿಫ್ಟ್ ಮುಗಿಸುವವರಿದ್ದಾರೆ. ಅವರಿಗೆ ಕೊಟ್ಟಿರುವ ಬಟ್ಟೆಯ ಮಾಸ್ಕ್ ಧೂಳನ್ನು ಅಷ್ಟಿಷ್ಟು ತಡೆದೀತು, ಥಿನ್ನರ್ ಆವಿಯನ್ನಲ್ಲ. ಅಸೆಂಬ್ಲಿ ಲೈನಿನ ಹೆಣ್ಣುಮಕ್ಕಳು ಶೌಚಾಲಯ ದೂರವೆಂದೂ, ಹೋದರೆ ಲೈನ್ ನಿಲ್ಲುತ್ತದೆಂದೂ, ಏಪ್ರಿಲ್ ಬಿಸಿಲಿನ ಶೀಟ್ ಮಾಡಿನ ಕೆಳಗೂ ನೀರು ಕುಡಿಯದೆ ಇರುತ್ತಾರೆ. ಇದನ್ನು ಅವರು ನನ್ನ ಮೂಲಕವೇ ಹೇಳಿಸುತ್ತಿದ್ದಾರೆ.

ಕಾನೂನಿನ ಮಾತಿಗೆ ಬಂದರೆ, 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಪ್ರಕರಣ ಅಪಾಯಕಾರಿ ಯಂತ್ರಭಾಗಗಳಿಗೆ ಭದ್ರವಾದ ಆವರಣ ಇರಬೇಕೆಂದೂ, ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದು ಸ್ಥಾನದಲ್ಲಿರಬೇಕೆಂದೂ ಹೇಳಿತ್ತು. 2023ರಲ್ಲಿ ನಮ್ಮ ರಾಜ್ಯ ತಂದ ತಿದ್ದುಪಡಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಾಗಲೂ ಕಾರ್ಮಿಕನ ಒಪ್ಪಿಗೆ ಬೇಕೆಂದಿತು, ವಾರಕ್ಕೆ 48 ಗಂಟೆಯ ಮಿತಿ ಉಳಿಸಿತು; 13ನೇ ಗಂಟೆಗೆ ಅದರಲ್ಲೂ ಜಾಗವಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಅಪಾಯವಿಲ್ಲದ ಕೆಲಸದ ಜಾಗ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆಯೇ ಇಟ್ಟಿದೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಹೇಳಿದೆ. ಆ ಹುಡುಗನ ಬಳಿ ಇದ್ದದ್ದು ಗೇಟ್ ಪಾಸ್ ಮಾತ್ರ. ಅಪಾಯ ಕಂಡರೆ ಮಾಲೀಕರಿಗೂ ನಿರೀಕ್ಷಕರಿಗೂ ತಿಳಿಸುವ ಹಕ್ಕನ್ನು ನಮಗೆ ಕೊಟ್ಟಿದೆ. ಈ ಪತ್ರವನ್ನೂ ತಾವು ಅದೇ ಹಕ್ಕಿನಡಿ ಬಂದದ್ದೆಂದು ಪರಿಗಣಿಸಬೇಕು. ಪರಿಹಾರ ಕಾನೂನಿನ ಅನುಸೂಚಿಯಲ್ಲಿ ಒಂದು ಕೈಯ ಎರಡು ಬೆರಳಿಗೆ ಶೇ 20ರಷ್ಟು ದುಡಿಮೆಯ ಶಕ್ತಿ ಹೋಯಿತೆಂದು ಲೆಕ್ಕ. ಫಿಟ್ಟರ್ ಕೆಲಸ ಕಲಿತವನಿಗೆ ತೋರುಬೆರಳಿಲ್ಲದೆ ಕ್ಯಾಲಿಪರ್ ಹಿಡಿಯಲು ಬರುವುದಿಲ್ಲ. ಅವನ ಪಾಲಿಗೆ ಹೋದದ್ದು ಇಡೀ ಕಸುಬು.

ನಮ್ಮ ಕೋರಿಕೆಗಳಲ್ಲಿ ಮೊದಲನೆಯದಕ್ಕೆ ಹಣವೇ ಬೇಡ. ಕೀ ಕ್ಲಚ್ ಪ್ರೆಸ್‌ಗಳ ಟಾರ್ಗೆಟ್ ಅನ್ನು, ಗಾರ್ಡ್ ಹಾಕಿ, ಎರಡೂ ಬಟನ್ ಒತ್ತಿ, ಕಾರ್ಮಿಕರ ಪ್ರತಿನಿಧಿಗಳ ಎದುರಿಗೆ ಹೊಸದಾಗಿ ಅಳೆದು ಬರೆಸಿ. ಇದೊಂದಾದರೆ ಬೆಣೆ ಇಡುವ ಕಾರಣವೇ ಅರ್ಧ ಹೋಗುತ್ತದೆ. ಉಳಿದರ್ಧಕ್ಕೆ, ಅರ್ಧ ಸೆಕೆಂಡಿನೊಳಗೆ ಎರಡೂ ಬಟನ್ ಒಟ್ಟಿಗೆ ಒತ್ತದಿದ್ದರೆ, ಪ್ರತಿ ಹೊಡೆತದ ನಂತರ ಎರಡನ್ನೂ ಬಿಡದಿದ್ದರೆ ಓಡದಂತೆ ಮಾಡುವ ಕಂಟ್ರೋಲ್ ಹಾಕಿಸಿ. ಅದರ ಮುಂದೆ ಬೆಣೆಯ ಆಟ ನಡೆಯದು. 3 ಮತ್ತು 4ನೇ ಪ್ರೆಸ್‌ಗಳ ಕಾಲಿನ ಪೆಡಲ್‌ಗಳಿಗೆ ಮುಚ್ಚಳವಿಲ್ಲ, ಆಯತಪ್ಪಿ ಕಾಲಿಟ್ಟರೂ ಹೊಡೆತ ಬೀಳುತ್ತದೆ. ಅವುಗಳನ್ನು ಕೂಡಲೇ ತೆಗೆಸಬೇಕು. ಯಾವ ಡೈಗೆ ಗಾರ್ಡ್ ಇಲ್ಲವೋ ಆ ಡೈ ಟೂಲ್ ರೂಮ್‌ನಿಂದ ಹೊರಬೀಳಬಾರದೆಂದು ಲಿಖಿತ ಆದೇಶ ಕೊಡಿ. ಗಾರ್ಡ್‌ಗಳನ್ನು ಕಟ್ಟುವ ಕೆಲಸವನ್ನು ನಾನು ಮತ್ತು ನನ್ನ ಇಬ್ಬರು ಸಂಗಡಿಗರು ಶಿಫ್ಟ್ ನಂತರ ನಿಂತಾದರೂ ಮಾಡಿಕೊಡುತ್ತೇವೆ, ಅದಕ್ಕೆ ಓಟಿ ಕೇಳುವುದಿಲ್ಲ. ಡೈ ಬದಲಿಸುವಾಗ ರ‍್ಯಾಮ್ ಕೆಳಗೆ ಆಸರೆಯ ಬ್ಲಾಕ್ ಇಟ್ಟು, ಮೇನ್ ಸ್ವಿಚ್‌ಗೆ ಬೀಗ ಹಾಕಿ, ಬೀಗದ ಕೀ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು. ಒಬ್ಬನನ್ನು ಎರಡು ಶಿಫ್ಟ್ ಸತತವಾಗಿ ಪ್ರೆಸ್ ಮುಂದೆ ಕೂರಿಸುವುದು ಯಾವ ಕಾರಣಕ್ಕೂ ಆಗಬಾರದು. ಆಪರೇಟರ್ ಬಾರದಿದ್ದರೆ ಪ್ರೆಸ್ ನಿಲ್ಲಲಿ.

ರಾತ್ರಿ ಶಿಫ್ಟ್‌ನಲ್ಲೂ ವಾಹನ, ಚಾಲಕ ಮತ್ತು ಪ್ರಥಮ ಚಿಕಿತ್ಸೆ ಕಲಿತ ಒಬ್ಬರು ಇರಬೇಕು. ಸದ್ದಿನ ಅಳತೆ, ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ, ಪೇಂಟ್ ಶಾಪ್‌ಗೆ ಆವಿ ತಡೆಯುವ ಮಾಸ್ಕ್ ಮತ್ತು ಗಾಳಿ ಎಳೆಯುವ ಫ್ಯಾನ್, ಅಸೆಂಬ್ಲಿ ಹತ್ತಿರ ಹೆಣ್ಣುಮಕ್ಕಳಿಗೆ ಶೌಚಾಲಯ, ಇವು ಈ ವರ್ಷದೊಳಗೆ ಆಗಲೆಂದು ಕೇಳುತ್ತೇವೆ. ನಾವು ಜಾಬ್ ವರ್ಕ್ ಕಳಿಸುವ ಸಣ್ಣ ಶೆಡ್‌ಗಳ ಬಗ್ಗೆಯೂ ಒಂದು ಮಾತು. ಹೊಸ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಕಾರ್ಖಾನೆ ಎನ್ನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಹನ್ನೆರಡು ಹದಿನೈದು ಜನರ ಶೆಡ್ ಇನ್ನು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಪ್ರೆಸ್ ಮಾತ್ರ ಅದೇ ಪ್ರೆಸ್. ಅಲ್ಲಿ ಗಾರ್ಡ್ ಇದೆಯೇ ಎಂದು ನೋಡಿದ ಮೇಲಷ್ಟೇ ಆರ್ಡರ್ ಕೊಡುವ ಷರತ್ತನ್ನು ತಾವು ಹಾಕಬಹುದು. ನಮಗೆ ಆರ್ಡರ್ ಕೊಡುವ ದೊಡ್ಡ ಕಂಪನಿಗಳು ನೂರೆಂಟು ಷರತ್ತು ಹಾಕುವುದನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಆ ಹುಡುಗನಿಗೆ ಈಗ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನಿಂದ ತಾತ್ಕಾಲಿಕ ಅಂಗವಿಕಲತೆಯ ಭತ್ಯೆ, ಸಂಬಳದ ಶೇ 90ರಷ್ಟು, ಬರುತ್ತಿದೆ. ಅದು ನಿಂತ ಮೇಲೆ ಅವನನ್ನು ಗುತ್ತಿಗೆದಾರರ ಕಡೆಗೆ ಕೈ ತೋರಿಸಿ ಕಳಿಸಬಾರದು. ಕ್ವಾಲಿಟಿ ವಿಭಾಗದಲ್ಲೋ ಸ್ಟೋರ್‌ನಲ್ಲೋ ಕಾಯಂ ಕೆಲಸ ಕೊಡಬೇಕು. ತನಿಖಾ ವರದಿಯನ್ನು ಮರಳಿ ತೆರೆದು ಬೆಣೆಯ ವಿಷಯವನ್ನು ಸೇರಿಸಬೇಕು, ನನ್ನ ಹೇಳಿಕೆಯನ್ನೂ ದಾಖಲಿಸಿಕೊಳ್ಳಬೇಕು. ಎರಡು ವಾರ ಮೊದಲೇ ನೋಡಿ ಸುಮ್ಮನಿದ್ದೆನೆಂದು ಅದರಲ್ಲಿ ಬರೆಯಲು, ಅದಕ್ಕೆ ಬರುವ ಕ್ರಮವನ್ನು ಎದುರಿಸಲು ನಾನು ಸಿದ್ಧನಿದ್ದೇನೆ.

ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನದ ಪ್ರತಿಜ್ಞೆಯನ್ನು ತಮ್ಮ ಜೊತೆ ನಿಂತು ನಾವೆಲ್ಲ ಓದಿದೆವು. ಅಂದು ತಾವು ಪ್ರೆಸ್ ಶಾಪ್‌ಗೆ ಬಂದಾಗ ಮಧ್ಯಾಹ್ನ ಹನ್ನೆರಡು ಗಂಟೆ, ಎಲ್ಲವೂ ಸರಿಯಾಗಿತ್ತು. ದಯವಿಟ್ಟು ಒಮ್ಮೆ ಸಿ ಶಿಫ್ಟ್‌ನಲ್ಲಿ, ನಸುಕಿನ ಮೂರು ಗಂಟೆಯ ಹೊತ್ತಿಗೆ ಬನ್ನಿ. ಯಾವ ರಾತ್ರಿ ಎಂಬುದನ್ನು ಮೊದಲೇ ಯಾರಿಗೂ ತಿಳಿಸಬೇಡಿ, ನನಗೂ ತಿಳಿಸಬೇಡಿ.

ಇಂತಿ ತಮ್ಮ ವಿಶ್ವಾಸಿ,
ಟೂಲ್ ರೂಮ್‌ನ ಹಿರಿಯ ಕಾರ್ಮಿಕ
ಮೈಸೂರು